ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುವ ಗಡಿಯಾರ

ನಮ್ಮ ಓಣಿಯ ಚಾಚಾ ಇಪ್ಪತ್ತು ವರ್ಷ ಜೆಡ್ಡಾದಲ್ಲಿ ದುಡಿದು ಕಲಬುರಗಿಗೆ ವಾಪಸ್ ಬಂದರು. ತಂದ ಸಾಮಾನಿನಲ್ಲಿ ಒಂದು ಗಡಿಯಾರ-ರೇಡಿಯೊ ಇತ್ತು. ಕೆಂಪು ಅಂಕಿಗಳು, ಪ್ಲಗ್ಗಿಗೆ ಹಾಕುವ ವೈರು. ಫಜರ್ ನಮಾಜಿಗೆ ಎಬ್ಬಿಸಲಿ ಅಂತ ತಲೆದಿಂಬಿನ ಹತ್ತಿರ ಇಟ್ಟುಕೊಂಡರು. ರಾತ್ರಿ ಹತ್ತಕ್ಕೆ ಸರಿಯಾಗಿ ಟೈಮ್ ಹೊಂದಿಸಿ ಮಲಗಿದರು. ಅಲಾರಂ ಹೊಡೆಯಲೇ ಇಲ್ಲ. ಮಸೀದಿಯ ಅಜಾನ್ ಕೇಳಿ ಎದ್ದಾಗ ಮೊಬೈಲಿನಲ್ಲಿ ಐದು ಗಂಟೆ, ಗಡಿಯಾರದಲ್ಲಿ 3:50.

"ಅಲ್ಲಿ ಛಲೋ ನಡೀತಿತ್ತು, ಇಲ್ಲಿಗೆ ಬಂದು ಕೆಟ್ಟದ" ಅಂದರು ಚಾಚಾ. ಓಣಿಯವರೆಲ್ಲ ಒಂದೇ ಮಾತು ಹೇಳಿದರು: "ನಮ್ಮ ಕಡೆ ವೋಲ್ಟೇಜ್ ಕಮ್ಮಿ ಅದ ರೀ, ಅದಕ್ಕ." ಸರಿ, ಸ್ಟೆಬಿಲೈಸರ್ ಬಂತು. ಮರುದಿನವೂ ಅದೇ ಕಥೆ. ಗಂಟೆಗೆ ಹತ್ತು ನಿಮಿಷ ಹಿಂದೆ. ಹನ್ನೊಂದೂ ಅಲ್ಲ, ಒಂಬತ್ತೂ ಅಲ್ಲ.

ಕೊನೆಗೆ ಸೂಪರ್ ಮಾರ್ಕೆಟ್ ಹತ್ತಿರದ ರೇಡಿಯೊ ರಿಪೇರಿ ಅಂಗಡಿಗೆ ಹೋದೆವು. ಆತ ಗಡಿಯಾರವನ್ನು ಮಗುಚಿ ಹಾಕಿದ. ಬ್ಯಾಟರಿ ಮುಚ್ಚಳ ತೆಗೆದ. ಒಳಗೆ ಕಡಲೆಕಾಳಿನಷ್ಟು ಸಣ್ಣ ಸ್ವಿಚ್, ಅದರ ಒಂದು ಕಡೆ 50, ಇನ್ನೊಂದು ಕಡೆ 60 ಅಂತ ಬರೆದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು 50ರ ಕಡೆಗೆ ಸರಿಸಿದ. ಮುಗೀತು. ಎಷ್ಟು ಕೊಡಬೇಕು ಅಂತ ಕೇಳಿದರೆ "ಚಾಚಾ, ಚಹಾ ಕುಡಿಸ್ರಿ ಸಾಕು" ಅಂದ.

ಗಡಿಯಾರ ಕೆಟ್ಟಿರಲಿಲ್ಲ. ಅದು ಎಣಿಸುತ್ತಿತ್ತು ಅಷ್ಟೇ. ಸೌದಿಯಲ್ಲಿ ಕರೆಂಟು ಸೆಕೆಂಡಿಗೆ 60 ಸಲ ಏರಿಳಿಯುತ್ತದೆ, ಭಾರತದಲ್ಲಿ 50 ಸಲ. ಗಡಿಯಾರಕ್ಕೆ ಗೊತ್ತಿದ್ದದ್ದು ಒಂದೇ ನಿಯಮ: 60 ಎಣಿಸಿದರೆ ಒಂದು ಸೆಕೆಂಡ್. ನಮ್ಮಲ್ಲಿ ಒಂದು ಸೆಕೆಂಡಿಗೆ 50 ಮಾತ್ರ ಬರುತ್ತವೆ, ಉಳಿದ ಹತ್ತಕ್ಕೆ ಅದು ಕಾಯುತ್ತ ಕೂರುತ್ತದೆ. ಹಾಗಾಗಿ ನಮ್ಮ 60 ನಿಮಿಷ ಅದಕ್ಕೆ 50 ನಿಮಿಷ. ದಿನಕ್ಕೆ ನಾಲ್ಕು ತಾಸು ಬಾಕಿ.

ಈ ಏರಿಳಿತದ ಲೆಕ್ಕಕ್ಕೇ ಫ್ರೀಕ್ವೆನ್ಸಿ ಅನ್ನೋದು. ಶಾಲೆಯ ಪುಸ್ತಕದಲ್ಲಿ ಆವೃತ್ತಿ ಅಂತ ಓದಿರುತ್ತೀರಿ. ಅಳತೆ ಹರ್ಟ್ಸ್. ಚಾಚಾನ ಗಡಿಯಾರದ್ದು ದೊಡ್ಡ ತಪ್ಪು, ಹಾಗಾಗಿ ಮೊದಲ ರಾತ್ರಿಯೇ ಸಿಕ್ಕಿಬಿತ್ತು. ಆದರೆ 50 ಅನ್ನೋದು ಕೂಡ ಕಲ್ಲಿನಲ್ಲಿ ಕೆತ್ತಿದ ಅಂಕಿ ಅಲ್ಲ. ಈಗ 49.97, ಇನ್ನೊಂದು ಗಳಿಗೆಗೆ 50.03. ಹಾಗಾದರೆ ಕರೆಂಟನ್ನು ನಂಬಿ ನಡೆಯುವ ಗಡಿಯಾರದ ಗತಿ ಏನು?

ಬೀಸುಕಲ್ಲಿಗೆ ಹಿಡಿ ಜಾಸ್ತಿ ಹಾಕಿದರೆ

ಮೊದಲು ವೋಲ್ಟೇಜ್ ವಿಷಯ ಮುಗಿಸೋಣ, ಯಾಕೆಂದರೆ ನಮ್ಮ ಕಡೆ ಎಲ್ಲ ತಪ್ಪನ್ನೂ ಅದರ ತಲೆಗೇ ಕಟ್ಟುತ್ತೇವೆ. ವೋಲ್ಟೇಜ್ ಊರಿನ ಸಂಗತಿ, ಓಣಿಯ ಸಂಗತಿ. ಟ್ರಾನ್ಸ್‌ಫಾರ್ಮರ್ ದೂರ ಇದ್ದರೆ, ವೈರು ಸಣ್ಣದಿದ್ದರೆ, ಸುತ್ತಲಿನ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಚಾಲೂ ಆದರೆ ಬೀಳುತ್ತದೆ. ನಿಮ್ಮ ಮನೆಯಲ್ಲಿ 180 ಇರುವಾಗ ಮುಂದಿನ ಬೀದಿಯಲ್ಲಿ 225 ಇರಬಹುದು. ಫ್ರೀಕ್ವೆನ್ಸಿ ಹಾಗಲ್ಲ. ಜೇವರ್ಗಿಯ ಹೊಲದಲ್ಲಿ, ಬೀದರಿನ ಕೋಟೆಯ ಪಕ್ಕ, ಗುವಾಹಟಿಯಲ್ಲಿ, ಶ್ರೀನಗರದಲ್ಲಿ ಈ ಕ್ಷಣಕ್ಕೆ ಅಳೆದರೆ ಹೆಚ್ಚುಕಮ್ಮಿ ಒಂದೇ ಅಂಕಿ ಸಿಗುತ್ತದೆ. ದೇಶದ ಗ್ರಿಡ್, ಅಂದರೆ ಪವರ್ ಹೌಸುಗಳನ್ನೂ ಊರುಗಳನ್ನೂ ಜೋಡಿಸುವ ತಂತಿಗಳ ಜಾಲ, ಒಂದೇ ಆಗಿರುವುದರಿಂದ ಅದರ ನಾಡಿಯೂ ಒಂದೇ. ಆ ನಾಡಿಯನ್ನು ಸ್ಟೆಬಿಲೈಸರ್ ಮುಟ್ಟಲಾರದು.

ನಾಡಿ ಯಾಕೆ ಏರುಪೇರಾಗುತ್ತದೆ? ಮನೆಯಲ್ಲಿ ಬೀಸುಕಲ್ಲು ನೋಡಿದವರಿಗೆ ಇದು ಸುಲಭ. ಇಬ್ಬರು ಹೆಂಗಸರು ಒಂದೇ ಗೂಟ ಹಿಡಿದು ತೊಗರಿ ಒಡೆಯುತ್ತಿದ್ದಾರೆ. ಕಲ್ಲು ಒಂದೇ ಲಯದಲ್ಲಿ ತಿರುಗುತ್ತಿದೆ. ಯಾರೋ ಬಂದು ಒಂದು ಹಿಡಿ ಕಾಳು ಜಾಸ್ತಿ ಸುರಿದರೆ ಕಲ್ಲು ನಿಲ್ಲುವುದಿಲ್ಲ, ಆದರೆ ಸ್ವಲ್ಪ ಭಾರವಾಗಿ, ನಿಧಾನವಾಗಿ ತಿರುಗುತ್ತದೆ. ಕೈಗೆ ಬಲ ಜಾಸ್ತಿ ಕೊಟ್ಟರೆ ಮತ್ತೆ ಲಯಕ್ಕೆ ಬರುತ್ತದೆ. ಕಾಳು ಖಾಲಿಯಾದರೆ ಕಲ್ಲು ಹಗುರಾಗಿ ಜೋರಾಗಿ ಓಡುತ್ತದೆ.

ಶಕ್ತಿನಗರದ ರಾಯಚೂರು ಥರ್ಮಲ್ ಘಟಕದಲ್ಲಿ ತಿರುಗುವ ಟರ್ಬೈನ್ ಇಂಥದ್ದೇ ಕಲ್ಲು. 50 ಹರ್ಟ್ಸ್ ಅಂದರೆ ಅದು ನಿಮಿಷಕ್ಕೆ 3,000 ಸುತ್ತು ತಿರುಗಬೇಕು. ದೇಶದ ಎಲ್ಲ ದೊಡ್ಡ ಜನರೇಟರ್‌ಗಳು ತಂತಿಯ ಮೂಲಕ ಒಂದಕ್ಕೊಂದು ಕೈ ಹಿಡಿದುಕೊಂಡು ಹೆಜ್ಜೆ ಹಾಕುತ್ತವೆ. ನಾವು ಬಳಸುವುದು ಅವು ಕೊಡುವುದಕ್ಕಿಂತ ಜಾಸ್ತಿಯಾದರೆ ಎಲ್ಲವೂ ಒಟ್ಟಿಗೆ ನಿಧಾನ ಆಗುತ್ತವೆ. 49.9 ಹರ್ಟ್ಸ್ ಅಂದರೆ ನಿಮಿಷಕ್ಕೆ 2,994 ಸುತ್ತು. ಆರು ಸುತ್ತು ಕಮ್ಮಿ. ಬಲ್ಬು ನೋಡಿದರೆ ಏನೂ ಗೊತ್ತಾಗದು. ಫ್ಯಾನ್ ನೋಡಿದರೂ ಗೊತ್ತಾಗದು. ಗೊತ್ತಾಗುವುದು ಎಣಿಸುತ್ತ ಕೂತ ಗಡಿಯಾರಕ್ಕೆ ಮಾತ್ರ.

ಅಮೆರಿಕದ ಹೆನ್ರಿ ವಾರೆನ್ ಇದನ್ನು ನೂರು ವರ್ಷದ ಹಿಂದೆಯೇ ಕಂಡುಕೊಂಡಿದ್ದರು. ಕರೆಂಟಿನ ಲಯಕ್ಕೇ ತಿರುಗುವ ಪುಟ್ಟ ಮೋಟಾರಿನ ಗಡಿಯಾರ ಮಾಡಿದರು, ಆದರೆ ಟೈಮ್ ಸರಿ ತೋರಿಸುತ್ತಿರಲಿಲ್ಲ. ತಪ್ಪು ತನ್ನ ಗಡಿಯಾರದ್ದಲ್ಲ, ಪವರ್ ಹೌಸಿನದ್ದು ಅಂತ ಅವರಿಗೆ ಅರ್ಥವಾಯಿತು. 1916ರಲ್ಲಿ ಬಾಸ್ಟನ್ನಿನ ಒಂದು ಪವರ್ ಹೌಸಿನಲ್ಲಿ ಎರಡು ಮುಳ್ಳಿನ ಗಡಿಯಾರ ಕೂರಿಸಿದರು. ಒಂದು ಮುಳ್ಳು ಲೋಲಕದ ಗಡಿಯಾರದಿಂದ ನಡೆಯುವುದು, ಇನ್ನೊಂದು ಅಲ್ಲಿಯದೇ ಕರೆಂಟಿನಿಂದ. ಆಪರೇಟರ್‌ಗೆ ಕೆಲಸ ಇಷ್ಟೇ: ಎರಡೂ ಮುಳ್ಳು ಒಂದರ ಮೇಲೊಂದು ಇರುವಂತೆ ಯಂತ್ರದ ವೇಗ ನೋಡಿಕೊಳ್ಳುವುದು. ಅಲ್ಲಿಂದ ಮುಂದೆ ಪವರ್ ಹೌಸ್‌ಗಳು ಕರೆಂಟಿನ ಜೊತೆ ಟೈಮನ್ನೂ ಮನೆಮನೆಗೆ ಹಂಚತೊಡಗಿದವು. ಬಿಲ್ಲಿನಲ್ಲಿ ಟೈಮಿಗೆ ದುಡ್ಡು ಹಾಕಲಿಲ್ಲ ಅನ್ನೋದೇ ಪುಣ್ಯ.

ಉದ್ರಿ ಪುಸ್ತಕ

ಲೆಕ್ಕ ಸರಳ. ಫ್ರೀಕ್ವೆನ್ಸಿ ಇಡೀ ದಿನ 0.01 ಹರ್ಟ್ಸ್ ಕಮ್ಮಿ ಇದ್ದರೆ ಗಡಿಯಾರ 17 ಸೆಕೆಂಡ್ ಹಿಂದೆ ಬೀಳುತ್ತದೆ. ಇಡೀ ದಿನ 49.90 ಇದ್ದರೆ ಸುಮಾರು 2 ನಿಮಿಷ 53 ಸೆಕೆಂಡ್ ಹಿಂದೆ. 50.05 ಇದ್ದರೆ ಸುಮಾರು ಒಂದೂವರೆ ನಿಮಿಷ ಮುಂದೆ. ನಾನು ಬೇಕೆಂದೇ ಈ ಎರಡು ಅಂಕಿ ಆರಿಸಿದೆ. ಭಾರತದ ಗ್ರಿಡ್ ನಿಯಮ ಒಪ್ಪುವ ಮೇಲಿನ ಕೆಳಗಿನ ಗೆರೆಗಳು ಇವೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ಗಡಿಯಾರಕ್ಕೆ ಈ ಕ್ಷಣದ ಫ್ರೀಕ್ವೆನ್ಸಿ ಮುಖ್ಯವಲ್ಲ, ಒಟ್ಟು ಮೊತ್ತ ಮುಖ್ಯ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ಒಂದು ದಿನ ಸಾವಿರ ರೂಪಾಯಿ ಉದ್ರಿ ಬರೆಸಿ ಮರುದಿನ ತೀರಿಸಿದರೆ ಪುಸ್ತಕ ಚೊಕ್ಕ. ದಿನಕ್ಕೆ ಹತ್ತೇ ರೂಪಾಯಿ ಬರೆಸುತ್ತ ಹೋಗಿ ವರ್ಷವಾದರೂ ಕೊಡದಿದ್ದರೆ ಸೇಠಜಿ ಮನೆಗೇ ಬರುತ್ತಾರೆ. ಗ್ರಿಡ್ಡಿನ ಗಡಿಯಾರವೂ ಹೀಗೇ. ದೊಡ್ಡ ಹೊಡೆತವನ್ನು ಅದು ಮರೆತುಬಿಡುತ್ತದೆ. ಸಣ್ಣ ಬಾಕಿಯನ್ನು ಮರೆಯುವುದಿಲ್ಲ.

ದೊಡ್ಡ ಹೊಡೆತಕ್ಕೆ ಉದಾಹರಣೆ ನಮಗೆಲ್ಲ ನೆನಪಿರುವುದೇ. 2020ರ ಏಪ್ರಿಲ್ 5, ರಾತ್ರಿ 9 ಗಂಟೆ, ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿದ ರಾತ್ರಿ. ದೇಶದ ಬೇಡಿಕೆ ಕೆಲವೇ ನಿಮಿಷದಲ್ಲಿ ಸುಮಾರು 31,000 ಮೆಗಾವಾಟ್ ಇಳಿಯಿತು, ಮತ್ತೆ ಏರಿತು. ಬೀಸುಕಲ್ಲಿನ ಕಾಳೆಲ್ಲ ಒಮ್ಮೆಲೇ ಖಾಲಿಯಾದ ಹಾಗೆ. ಜಲವಿದ್ಯುತ್ ಘಟಕಗಳನ್ನು ಸರಸರ ಇಳಿಸಿ, ಏರಿಸಿ ಸಂಭಾಳಿಸಿದರು. ಫ್ರೀಕ್ವೆನ್ಸಿ 50.26ರ ತನಕ ಹೋಗಿ, 49.70ಕ್ಕೆ ಬಂದು, ಸುಧಾರಿಸಿತು. ಕಂಟ್ರೋಲ್ ರೂಮಿನಲ್ಲಿದ್ದವರ ಬೆವರು ಇಳಿದಿರಬೇಕು. ಆದರೆ ಗಡಿಯಾರಕ್ಕೆ? ಹತ್ತು ನಿಮಿಷ ಪೂರ್ತಿ 50.26ರಲ್ಲೇ ನಿಂತಿತ್ತು ಅಂತ ಹಿಡಿದರೂ ಮೂರು ಸೆಕೆಂಡ್ ಮುಂದೆ ಹೋಗುತ್ತಿತ್ತು. ಅಷ್ಟೇ.

ಸಣ್ಣ ಬಾಕಿಗೆ ಉದಾಹರಣೆ ಯುರೋಪಿನದು. 2018ರ ಜನವರಿ ಮಧ್ಯದಿಂದ ಮಾರ್ಚ್ ಮೊದಲ ವಾರದವರೆಗೆ ಪೋರ್ಚುಗಲ್‌ನಿಂದ ಪೋಲೆಂಡ್‌ವರೆಗೆ ಒಂದೇ ಗ್ರಿಡ್‌ನಲ್ಲಿರುವ 25 ದೇಶಗಳಲ್ಲಿ ಓವನ್ ಗಡಿಯಾರ, ಅಲಾರಂ ಗಡಿಯಾರ ಎಲ್ಲ ಸುಮಾರು ಆರು ನಿಮಿಷ ಹಿಂದೆ ಬಿದ್ದವು. ಅಲ್ಲಿ ಸರಾಸರಿ ಫ್ರೀಕ್ವೆನ್ಸಿ ಎಷ್ಟಿತ್ತು ಗೊತ್ತಾ? 49.996. ಎಂಜಿನಿಯರಿಗೆ ತೋರಿಸಿದರೆ "ಅಗದಿ ಛಲೋ ಅದ" ಅಂದುಬಿಡುವ ಅಂಕಿ ಅದು. ಆದರೆ ದಿನಕ್ಕೆ ಏಳು ಸೆಕೆಂಡಿನಂತೆ ಐವತ್ತು ದಿನ ಸೇರಿಸಿದರೆ ಆರು ನಿಮಿಷ ಆಗೇ ಆಗುತ್ತದೆ.

ಕಾರಣ ಯಂತ್ರದ್ದಲ್ಲ, ರಾಜಕೀಯದ್ದು. ಸರ್ಬಿಯಾ ಮತ್ತು ಕೊಸೊವೊ ನಡುವೆ ಹಳೆಯ ಜಗಳ. ಕೊಸೊವೊ ತನಗೆ ಬೇಕಾದಷ್ಟು ಕರೆಂಟ್ ಉತ್ಪಾದಿಸದೆ ಗ್ರಿಡ್‌ನಿಂದ ಎಳೆಯಿತು. ಆ ಪ್ರದೇಶದ ಲೆಕ್ಕ ಸರಿದೂಗಿಸಬೇಕಾದ ಹೊಣೆ ಸರ್ಬಿಯಾದ ಮೇಲಿತ್ತು, ಅದು ಸುಮ್ಮನಿತ್ತು. ಹೀಗೆ ಕಾಣೆಯಾದದ್ದು 113 ಗಿಗಾವಾಟ್-ಅವರ್, ನಮ್ಮ ಬಿಲ್ಲಿನ ಭಾಷೆಯಲ್ಲಿ 11.3 ಕೋಟಿ ಯುನಿಟ್. ಇಬ್ಬರ ಜಗಳದಲ್ಲಿ ಸ್ವಿಟ್ಜರ್‌ಲೆಂಡಿನ ಗಡಿಯಾರ ಕೂಡ ತಡವಾಯಿತು, ಅಂಥ ಗಡಿಯಾರದ ನಾಡಿನಲ್ಲಿ! ಆಮೇಲೆ ಇಡೀ ಗ್ರಿಡ್ಡನ್ನು 50.01 ಹರ್ಟ್ಸ್‌ನಲ್ಲಿ ಓಡಿಸಿ ದಿನಕ್ಕೆ 17 ಸೆಕೆಂಡಿನಂತೆ ಬಾಕಿ ತೀರಿಸಿದರು. ಏಪ್ರಿಲ್ ಮೊದಲ ವಾರಕ್ಕೆ ಗಡಿಯಾರಗಳು ಸರಿಯಾದವು. ಗಡಿಯಾರ ಮುಟ್ಟದೆ ಸುಮ್ಮನೆ ಕೂತವರದ್ದು ತಾನಾಗೇ ಸರಿ ಬಂತು. ಅವಸರ ಮಾಡಿ ಮಾರ್ಚ್‌ನಲ್ಲಿ ಮುಳ್ಳು ತಿರುಗಿಸಿದವರದ್ದು ಏಪ್ರಿಲ್‌ನಲ್ಲಿ ಆರು ನಿಮಿಷ ಮುಂದೆ ಹೋಯಿತು.

ಯುರೋಪಿನವರು ಹೀಗೆ ಬಾಕಿ ತೀರಿಸುವ ಪದ್ಧತಿಯನ್ನು ಮೊದಲಿನಿಂದ ಇಟ್ಟುಕೊಂಡಿದ್ದಾರೆ. ಗ್ರಿಡ್ ಟೈಮ್ ಮತ್ತು ನಿಜ ಟೈಮ್ ನಡುವೆ 20 ಸೆಕೆಂಡ್ ಅಂತರ ಬಂದರೆ ಗುರಿಯನ್ನು 50.01ಕ್ಕೆ ಅಥವಾ 49.99ಕ್ಕೆ ಬದಲಿಸುತ್ತಾರೆ. ಅದಕ್ಕೇ ಅಲ್ಲಿ ಪ್ಲಗ್ಗಿನ ಗಡಿಯಾರವನ್ನು ಜನ ನಂಬುತ್ತಾರೆ.

ನಮ್ಮಲ್ಲಿ ಅದು ಯಾಕೆ ಬರಲಿಲ್ಲ

ನಮ್ಮ ಮನೆಗಳಲ್ಲಿ ಪ್ಲಗ್ಗಿಗೆ ಹಾಕುವ ಗಡಿಯಾರ ಯಾಕೆ ಬೇರೂರಲಿಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ಮೊದಲು ಕೀಲಿ ಕೊಡುವ ಗಡಿಯಾರ, ಆಮೇಲೆ ನೇರ ಸೆಲ್ ಹಾಕುವ ಗಡಿಯಾರ. ನಡುವಿನ ಮೆಟ್ಟಿಲನ್ನೇ ಹಾರಿದೆವು. ಮೊದಲ ಕಾರಣ ಎಲ್ಲರಿಗೂ ಗೊತ್ತಿರುವುದು: ಕರೆಂಟ್ ಹೋಗುತ್ತದೆ. ದಿನಕ್ಕೆ ನಾಲ್ಕು ಸಲ ಲೈಟ್ ಹೋಗುವ ಊರಿನಲ್ಲಿ ಕರೆಂಟಿನ ಗಡಿಯಾರ ಯಾರಿಗೆ ಬೇಕು? ಆದರೆ ಎರಡನೇ ಕಾರಣ ಕಣ್ಣಿಗೆ ಕಾಣದ್ದು. ಕರೆಂಟ್ ಇದ್ದಾಗಲೂ ಗಡಿಯಾರ ಸರಿ ನಡೆಯುತ್ತಿರಲಿಲ್ಲ.

1990ರ ದಶಕದಲ್ಲಿ ದಕ್ಷಿಣದ ಗ್ರಿಡ್ ಬೇರೆಯೇ ಇತ್ತು. ಬೇಡಿಕೆ ಜಾಸ್ತಿ, ಉತ್ಪಾದನೆ ಕಮ್ಮಿ. ಫ್ರೀಕ್ವೆನ್ಸಿ 48.5ಕ್ಕೂ ಕೆಳಗೆ ಇಳಿಯುವುದು ಮಾಮೂಲಿ. 48.5ರಲ್ಲಿ ಗಡಿಯಾರ ದಿನಕ್ಕೆ 43 ನಿಮಿಷ ಹಿಂದೆ ಬೀಳುತ್ತದೆ. ಯುರೋಪಿನಲ್ಲಿ ಎರಡು ತಿಂಗಳಲ್ಲಿ ಕಳೆದ ಆರು ನಿಮಿಷ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆ ದಿನಗಳಲ್ಲಿ ನಮ್ಮಲ್ಲಿ ಅಷ್ಟೇ ಆರು ನಿಮಿಷ ಮೂರೂವರೆ ತಾಸಿನೊಳಗೆ ಕಳೆದುಹೋಗುತ್ತಿತ್ತು, ಯಾರಿಗೂ ಸುದ್ದಿಯಿಲ್ಲ. ನಮ್ಮ ದಾಲ್ ಮಿಲ್ಲುಗಳ ಮೋಟಾರು ನೂರಕ್ಕೆ ಮೂರರಷ್ಟು ನಿಧಾನ ತಿರುಗುತ್ತಿತ್ತು. ಬಾವಿಯ ಪಂಪು ಕಮ್ಮಿ ನೀರು ಎತ್ತುತ್ತಿತ್ತು. ಪಂಪಿನ ವೇಗ ನೂರಕ್ಕೆ ಮೂರು ಇಳಿದರೆ ಅದು ಗ್ರಿಡ್‌ನಿಂದ ಎಳೆಯುವ ಶಕ್ತಿ ನೂರಕ್ಕೆ ಒಂಬತ್ತರಷ್ಟು ಇಳಿಯುತ್ತದೆ. ಒಂದು ರೀತಿಯಲ್ಲಿ ರೈತನ ಪಂಪೇ ತಾನು ಸೋತು ಗ್ರಿಡ್ಡನ್ನು ಬೀಳದಂತೆ ಹಿಡಿದಿತ್ತು ಅನ್ನಬಹುದು.

ಇದು ಸರಿಯಾದದ್ದು ಹೊಸ ಯಂತ್ರದಿಂದ ಮಾತ್ರ ಅಲ್ಲ, ಬೆಲೆಯಿಂದ. 2003ರ ಜನವರಿಯಲ್ಲಿ ದಕ್ಷಿಣದಲ್ಲಿ ಹೊಸ ದರ ಪದ್ಧತಿ ಬಂತು. ಒಪ್ಪಿಕೊಂಡದ್ದಕ್ಕಿಂತ ಜಾಸ್ತಿ ಕರೆಂಟ್ ಎಳೆಯುವ ರಾಜ್ಯ ಅದಕ್ಕೆ ದಂಡದ ಹಾಗೆ ಬೇರೆ ಬೆಲೆ ತೆರಬೇಕು. ಆ ಬೆಲೆ ಫ್ರೀಕ್ವೆನ್ಸಿಗೆ ಕಟ್ಟಿದ್ದು. ಫ್ರೀಕ್ವೆನ್ಸಿ 49ರ ಹತ್ತಿರ ಇಳಿದಾಗ ಎಳೆದರೆ ಬಹಳ ದುಬಾರಿ, 50.5ರಲ್ಲಿ ಬೆಲೆ ಸೊನ್ನೆ. ಬೈದು, ಪತ್ರ ಬರೆದು, ಸಭೆ ಮಾಡಿ ಆಗದ್ದು ಜೇಬಿಗೆ ಕೈ ಹಾಕಿದ ಮೇಲೆ ಆಯಿತು. ಎಲ್ಲ ರಾಜ್ಯಗಳ ಕಂಟ್ರೋಲ್ ರೂಮಿನವರೂ ಫ್ರೀಕ್ವೆನ್ಸಿ ಮೀಟರನ್ನು ತರಕಾರಿ ರೇಟಿನ ಹಾಗೆ ನೋಡತೊಡಗಿದರು. ಆಮೇಲೆ ಒಪ್ಪುವ ಮಿತಿಯನ್ನೂ ಹಂತಹಂತವಾಗಿ ಬಿಗಿ ಮಾಡುತ್ತ ಬಂದರು.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾಯಿತು. ಎರಡನೇ ದಿನ ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಒಟ್ಟಿಗೆ ಬಿದ್ದವು. 60 ಕೋಟಿಗೂ ಜಾಸ್ತಿ ಜನಕ್ಕೆ ತಟ್ಟಿತು. ನಮಗೆ ತಟ್ಟಲಿಲ್ಲ, ಯಾಕೆಂದರೆ ಆಗ ದಕ್ಷಿಣಕ್ಕೆ ತನ್ನದೇ ನಾಡಿ ಇತ್ತು. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವಂಥ ಡಿಸಿ ಲೈನುಗಳ ಮೂಲಕ ಕರೆಂಟ್ ಬರುತ್ತಿತ್ತು, ಆದರೆ ಲಯ ಬರುತ್ತಿರಲಿಲ್ಲ. ಡಿಸಿ ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಅದಕ್ಕೆ ಏರಿಳಿತವೇ ಇಲ್ಲವಲ್ಲ.

ಆ ಬೇರೆತನ ಮುಗಿದದ್ದು 2013ರ ಡಿಸೆಂಬರ್ 31ರಂದು. ಮುಗಿದ ಜಾಗ ನಮ್ಮ ಮಗ್ಗುಲಿನದು. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರಿಗೆ ಸೊಲ್ಲಾಪುರ, ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಅನ್ನುವ ಸಾಲು ಬಾಯಿಪಾಠ. ಆ ಸಾಲಿನ ಎರಡು ತುದಿಗಳಾದ ರಾಯಚೂರು ಮತ್ತು ಸೊಲ್ಲಾಪುರದ ನಡುವಿನ 765 ಕಿಲೋವೋಲ್ಟ್ ಲೈನು ದಕ್ಷಿಣದ ನಾಡಿಯನ್ನು ದೇಶದ ಉಳಿದ ನಾಡಿಗೆ ಜೋಡಿಸಿತು. ದೇಶಕ್ಕೆ ಒಂದೇ ಫ್ರೀಕ್ವೆನ್ಸಿ ಬಂದದ್ದು ನಮ್ಮ ಪಕ್ಕದಲ್ಲೇ. ಒಂದು ಕಲ್ಲಿನ ಫಲಕ ಹಾಕಿದ್ದರೂ ನಡೀತಿತ್ತು, ಶಹಾಬಾದ್ ಕಲ್ಲಿಗೇನು ಬರವೇ?

ದೊಡ್ಡ ಗ್ರಿಡ್ ಅಂದರೆ ದೊಡ್ಡ ಬೀಸುಕಲ್ಲು. ಹಿಡಿ ಕಾಳಿಗೆ ಅಲುಗುವುದಿಲ್ಲ. ಈಗ ಫ್ರೀಕ್ವೆನ್ಸಿ ಬಹುಪಾಲು ಹೊತ್ತು 49.90 ಮತ್ತು 50.05ರ ನಡುವೆಯೇ ಇರುತ್ತದೆ. ತಪ್ಪಿದರೆ ಮೊದಲು ಟರ್ಬೈನಿನ ವೇಗ ಕಾಯುವ ಗವರ್ನರ್ ಅನ್ನುವ ಸಾಧನಗಳು ಕೆಲವು ಸೆಕೆಂಡಿನಲ್ಲಿ ತಾವಾಗೇ ಸ್ಪಂದಿಸುತ್ತವೆ. ಆಮೇಲೆ ದಿಲ್ಲಿಯ ರಾಷ್ಟ್ರೀಯ ಕೇಂದ್ರದಿಂದ ನಾಲ್ಕು ಸೆಕೆಂಡಿಗೊಮ್ಮೆ ಘಟಕಗಳಿಗೆ ಏರಿಸು, ಇಳಿಸು ಅಂತ ಸಂದೇಶ ಹೋಗುತ್ತದೆ.

ಆದರೆ ಗಡಿಯಾರದ ಕಣ್ಣಿನಿಂದ ನೋಡಿದರೆ ಇಲ್ಲೊಂದು ಕೊರತೆ ಕಾಣುತ್ತದೆ. 49.90ರಿಂದ 50.05 ಅನ್ನುವ ಗೆರೆಗಳು 50ರ ಎರಡೂ ಬದಿಗೆ ಸಮ ಇಲ್ಲ. ಕೆಳಗೆ ಜಾಸ್ತಿ ಜಾಗ, ಮೇಲೆ ಕಮ್ಮಿ. ನಡುವಿನ ಬಿಂದು 49.975. ಗ್ರಿಡ್ ಇಡೀ ದಿನ ಆ ನಡುಬಿಂದುವಿನಲ್ಲೇ ಓಡಿದರೂ ಯಾರೂ ನಿಯಮ ಮುರಿದ ಹಾಗಲ್ಲ, ಆದರೆ ಗಡಿಯಾರ ದಿನಕ್ಕೆ 43 ಸೆಕೆಂಡ್ ಹಿಂದೆ. ಗ್ರಿಡ್ ಗಟ್ಟಿಯಾಗಿ ನಿಲ್ಲಬೇಕು ಅನ್ನೋದು ಆ ಮಿತಿಯ ಉದ್ದೇಶ. ಟೈಮ್ ಸರಿ ಇರಬೇಕು ಅನ್ನೋದಲ್ಲ. ನನ್ನ ಕೇಳಿದರೆ ಅದು ಸರಿಯೇ. ಯಾರೂ ಬಳಸದ ಗಡಿಯಾರಕ್ಕಾಗಿ ಇಡೀ ದೇಶದ ಟರ್ಬೈನುಗಳ ವೇಗ ಬದಲಿಸುವುದು ನೊಣ ಓಡಿಸಲು ಕೊಡಲಿ ಎತ್ತಿದ ಹಾಗೆ.

ಗಡಿಯಾರವೇ ಗ್ರಿಡ್ಡನ್ನು ಅಲುಗಿಸಿದಾಗ

ಈಗ ಮಾತನ್ನು ಉಲ್ಟಾ ಮಾಡಿ ನೋಡಿ. ಇಲ್ಲಿ ನನಗೆ ತುಂಬ ಕುತೂಹಲ. ಫ್ರೀಕ್ವೆನ್ಸಿ ಗಡಿಯಾರವನ್ನು ಕೆಡಿಸುವುದು ಈಗ ಸಣ್ಣ ಮಾತು. ಗಡಿಯಾರ ಫ್ರೀಕ್ವೆನ್ಸಿಯನ್ನು ಕೆಡಿಸುವುದು ದೊಡ್ಡ ಮಾತು.

ನಮ್ಮ ಹಳ್ಳಿಗಳಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕೊಡುವುದು ಪಾಳಿಯ ಪ್ರಕಾರ. ಒಂದು ಗುಂಪಿನ ಫೀಡರ್ ಆಫ್ ಆಗುವ ಗಳಿಗೆ, ಇನ್ನೊಂದು ಗುಂಪಿನದ್ದು ಆನ್ ಆಗುವ ಗಳಿಗೆ ಗಂಟೆಯ ಮುಳ್ಳಿಗೆ ಕಟ್ಟಿರುತ್ತದೆ. ಕರೆಂಟ್ ಬಂದ ಕೂಡಲೇ ಆಟೊ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೆ ಗುಂಯ್ ಅನ್ನುತ್ತವೆ. ಆ ಕಡೆ ವಿದ್ಯುತ್ ಮಾರಾಟದ ಲೆಕ್ಕವೂ ಗಡಿಯಾರದ್ದೇ. ದಿನವನ್ನು 15 ನಿಮಿಷದ 96 ತುಂಡು ಮಾಡಿದ್ದಾರೆ. ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವಾಗ ಘಟಕಗಳ ಉತ್ಪಾದನೆ ಬದಲಾಗುತ್ತದೆ. ಹೀಗೆ ಎಲ್ಲರೂ ಒಂದೇ ಗಡಿಯಾರ ನೋಡಿ ಒಂದೇ ಸಲ ಕೈ ಎತ್ತುವುದರಿಂದ ಗಂಟೆಯ ತಿರುವಿನಲ್ಲಿ ಫ್ರೀಕ್ವೆನ್ಸಿ ಒಂದು ಜೋಲಿ ಹೊಡೆಯುತ್ತದೆ. 2020ರ ಆ ಒಂಬತ್ತು ಗಂಟೆಯೂ ಇದೇ ಜಾತಿಯದು, ಬಹಳ ದೊಡ್ಡದು ಅಷ್ಟೇ. ಮದುವೆ ಊಟಕ್ಕೆ ಎಲ್ಲರೂ ಒಂದೇ ಪಂಕ್ತಿಗೆ ನುಗ್ಗಿದ ಹಾಗೆ. ಊಟ ಇದೆ, ಬಡಿಸುವವರೂ ಇದ್ದಾರೆ, ಆದರೂ ಗದ್ದಲ.

ಸೋಲಾರ್ ಬಂದ ಮೇಲೆ ಇದಕ್ಕೆ ಇನ್ನೊಂದು ಗಡಿಯಾರ ಸೇರಿದೆ, ಸೂರ್ಯ. ಪಾವಗಡದ 2,050 ಮೆಗಾವಾಟ್ ಪಾರ್ಕಿನಂಥವು ಮಧ್ಯಾಹ್ನ ತುಂಬಿ ಹರಿಯುತ್ತವೆ, ಸಂಜೆ ಬತ್ತುತ್ತವೆ. ಅದೇ ಹೊತ್ತಿಗೆ ಮನೆಗಳಲ್ಲಿ ದೀಪ, ಟಿವಿ, ಕೂಲರ್ ಚಾಲೂ. ಸೋಲಾರ್ ಫಲಕದಲ್ಲಿ ತಿರುಗುವ ಕಲ್ಲಿಲ್ಲ ಅನ್ನೋದು ನೆನಪಿರಲಿ. ಬೀಸುಕಲ್ಲು ಹಗುರಾದಷ್ಟೂ ಸಣ್ಣ ಹಿಡಿ ಕಾಳಿಗೂ ಬೇಗ ಅಲುಗುತ್ತದೆ. ಅದಕ್ಕೇ ದೊಡ್ಡ ಬ್ಯಾಟರಿಗಳ ಮಾತು ಈಗ ಜಾಸ್ತಿ ಕೇಳಿಬರುತ್ತಿದೆ.

ಮೀಟರಿನ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ನನಗೆ ಹಲವರು ಕೇಳಿದ್ದಾರೆ. 2023ರ ಕೇಂದ್ರದ ನಿಯಮದ ಪ್ರಕಾರ ಹಗಲು ಬಿಸಿಲಿನ ಹೊತ್ತಿನ ಕರೆಂಟಿಗೆ ಕಮ್ಮಿ ದರ, ಜನ ಜಾಸ್ತಿ ಬಳಸುವ ಹೊತ್ತಿಗೆ ಜಾಸ್ತಿ ದರ ಹಾಕಬೇಕು. ಹಾಗಿದ್ದರೆ ಫ್ರೀಕ್ವೆನ್ಸಿ ತಪ್ಪಿ ಮೀಟರಿನ ಟೈಮೂ ತಪ್ಪಿ ಬಿಲ್ಲು ಏರುತ್ತದಾ? ಇಲ್ಲ. ಎಲೆಕ್ಟ್ರಾನಿಕ್ ಮೀಟರಿನೊಳಗೆ ಅದರದ್ದೇ ಸ್ಫಟಿಕದ ಗಡಿಯಾರ, ಅದರದ್ದೇ ಪುಟ್ಟ ಸೆಲ್ ಇರುತ್ತದೆ. ಅದು ಗ್ರಿಡ್ಡಿನ ಲಯ ಎಣಿಸಿ ಟೈಮ್ ಹೇಳುವುದಿಲ್ಲ.

ಹಾಗಾದರೆ ಸೆಲ್ ಗಡಿಯಾರ ಸರಿಯೇ?

ಗೋಡೆಯ ಸೆಲ್ ಗಡಿಯಾರದೊಳಗೆ ಒಂದು ಸಣ್ಣ ಕ್ವಾರ್ಟ್ಜ್ ತುಂಡು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. 25 ಡಿಗ್ರಿ ಆಸುಪಾಸಿನಲ್ಲಿ ಅದು ಅತಿ ಸರಿಯಾಗಿ ನಡೆಯುತ್ತದೆ. ಅದಕ್ಕಿಂತ ಬಿಸಿಯಾದರೂ ನಿಧಾನ, ತಣ್ಣಗಾದರೂ ನಿಧಾನ. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 43 ಡಿಗ್ರಿ ಇಲ್ಲಿ ವಿಶೇಷವೇನಲ್ಲ. ಗಡಿಯಾರ ದಿನವಿಡೀ 43 ಡಿಗ್ರಿಯಲ್ಲೇ ಕುದ್ದರೆ ದಿನಕ್ಕೆ ಸುಮಾರು ಒಂದು ಸೆಕೆಂಡ್ ಹಿಂದೆ ಬೀಳುತ್ತದೆ. ರಾತ್ರಿ ಸ್ವಲ್ಪ ತಂಪಾಗುವುದರಿಂದ ನಿಜದಲ್ಲಿ ಅದಕ್ಕಿಂತ ಕಮ್ಮಿಯೇ. ಅಂದರೆ ನಮ್ಮ ಬೇಸಿಗೆ ಇಡೀ ತಿಂಗಳು ಕಷ್ಟಪಟ್ಟು ಮಾಡುವ ಹಾನಿಯನ್ನು ಗ್ರಿಡ್ 0.01 ಹರ್ಟ್ಸ್ ಜಾರಿ ಒಂದೇ ದಿನದಲ್ಲಿ ಮಾಡಬಲ್ಲದು.

ಆದರೆ ಸೆಲ್ ಗಡಿಯಾರದ ತಪ್ಪು ಸೇರುತ್ತಲೇ ಹೋಗುತ್ತದೆ, ಯಾರೂ ತೀರಿಸುವುದಿಲ್ಲ. ಯುರೋಪಿನಂತೆ ಬಾಕಿ ತೀರಿಸುವ ಗ್ರಿಡ್ ಇದ್ದರೆ ಪ್ಲಗ್ಗಿನ ಗಡಿಯಾರ ಇವತ್ತು ಅರ್ಧ ನಿಮಿಷ ತಪ್ಪಿದರೂ ಹತ್ತು ವರ್ಷದ ಮೇಲೂ ಅಷ್ಟೇ ತಪ್ಪಿರುತ್ತದೆ. ಒಂದು ವಾರಕ್ಕೆ ಸೆಲ್ ಗಡಿಯಾರ ಗೆಲ್ಲುತ್ತದೆ, ಹತ್ತು ವರ್ಷಕ್ಕೆ ಅವರ ಗ್ರಿಡ್ ಗಡಿಯಾರ.

ಸೆಕೆಂಡಿನ ಲೆಕ್ಕ ಹಾಕುತ್ತ ನಾವು ಮರೆಯುವ ಇನ್ನೊಂದು ಲೆಕ್ಕ ಇದೆ. ಭಾರತದ ಟೈಮ್ 82.5 ಡಿಗ್ರಿ ರೇಖಾಂಶದ್ದು. ಕಲಬುರಗಿ ಅದಕ್ಕಿಂತ ಐದೂವರೆ ಡಿಗ್ರಿಗೂ ಜಾಸ್ತಿ ಪಶ್ಚಿಮಕ್ಕಿದೆ. ವರ್ಷದ ಸರಾಸರಿ ತೆಗೆದರೆ ಸೂರ್ಯ ನಮ್ಮ ನೆತ್ತಿಯ ಗೆರೆ ದಾಟುವುದು 12:23ರ ಸುಮಾರಿಗೆ. ಅಂದರೆ ಊರಿನ ಎಲ್ಲ ಸರಿಯಾದ ಗಡಿಯಾರಗಳೂ ಸೂರ್ಯನಿಗಿಂತ 22-23 ನಿಮಿಷ ಮುಂದೆ ನಡೆಯುತ್ತಿವೆ. ಯಾರಿಗೂ ತೊಂದರೆಯಾಗಿಲ್ಲ.

ಮನೆಯಲ್ಲಿ ಪ್ಲಗ್ಗಿನ ಗಡಿಯಾರವೋ ಮೋಟಾರಿನ ಟೈಮರೋ ಇದ್ದವರು ಕಳ್ಳನನ್ನು ಹಿಡಿಯುವುದು ಕಷ್ಟವಲ್ಲ. ದಿನಕ್ಕೆ ನಾಲ್ಕು ತಾಸು ಹಿಂದೆ ಬಿದ್ದರೆ ಅದು 60 ಹರ್ಟ್ಸ್ ದೇಶದ ಮಾಲು. ಸ್ವಿಚ್ ಹುಡುಕಿ. ಗಡಿಯಾರ ಹಿಂದೆ ಬೀಳದೆ ಮುಂದೆ ಓಡುತ್ತಿದ್ದರೆ ಮೊದಲು ಗ್ರಿಡ್ಡನ್ನು ಬೈಯಬೇಡಿ. ಪಕ್ಕದಲ್ಲಿ ವೆಲ್ಡಿಂಗ್ ಅಂಗಡಿ ಇದೆಯಾ ನೋಡಿ. ಅದರಿಂದ ತಂತಿಯಲ್ಲಿ ಏಳುವ ಗಲಾಟೆಯಲ್ಲಿ ಇಲ್ಲದ ಏರಿಳಿತವನ್ನೂ ಅಂಕಿ ಗಡಿಯಾರ ಎಣಿಸಿಬಿಡುತ್ತದೆ. ಮುಳ್ಳಿನ ಮೋಟಾರ್ ಗಡಿಯಾರಕ್ಕೆ ಈ ಚಟ ಇಲ್ಲ. ಫಂಕ್ಷನ್ ಹಾಲಿನಲ್ಲಿ ಜನರೇಟರ್ ಮೇಲೆ ಓಡುವ ಗಡಿಯಾರವೂ ಮುಂದೆ ಹೋಗಬಹುದು. ಲೋಡ್ ಕಮ್ಮಿ ಇದ್ದಾಗ ಡೀಸೆಲ್ ಎಂಜಿನ್ 50ಕ್ಕಿಂತ ಒಂದೆರಡು ಹರ್ಟ್ಸ್ ಜಾಸ್ತಿ ಓಡುತ್ತದೆ. 52ರಲ್ಲಿ ಓಡಿದರೆ ಒಂದು ತಾಸಿಗೆ 2 ನಿಮಿಷ 24 ಸೆಕೆಂಡ್ ಮುಂದೆ. ಭಟ್ಟರ ಮುಹೂರ್ತ ಆ ಗಡಿಯಾರ ನೋಡಿ ಇಡದಿದ್ದರೆ ಸಾಕು.

ಚಾಚಾನ ಗಡಿಯಾರದ ಕಥೆ ಸ್ವಿಚ್‌ನಿಂದ ಮುಗಿಯಲಿಲ್ಲ. ಕರೆಂಟ್ ಹೋದಾಗಲೆಲ್ಲ 12:00 ಅಂತ ಮಿಣುಕುತ್ತ ಕೂರುತ್ತಿತ್ತು. ಹೊಟ್ಟೆಯೊಳಗೆ ಚೌಕದ 9 ವೋಲ್ಟ್ ಬ್ಯಾಟರಿ ಹಾಕಿದರು. ಮಿಣುಕುವುದು ನಿಂತಿತು. ಆದರೆ ಎಣಿಸಲು ಗ್ರಿಡ್ಡಿನ ಲಯ ಇಲ್ಲದಾಗ ಅದು ತನ್ನದೇ ಒರಟು ಅಂದಾಜಿನ ಮೇಲೆ ನಡೆಯುತ್ತದೆ. ಎರಡು ತಾಸಿನ ಪವರ್ ಕಟ್ ಮುಗಿಯುವಷ್ಟರಲ್ಲಿ ಕೆಲವು ನಿಮಿಷ ಆಚೀಚೆ. ಆಮೇಲೆ ಅಳಿಯ ಬಂದು ಅದರ ವೈರನ್ನು ಮನೆಯ ಇನ್‌ವರ್ಟರ್ ಲೈನಿಗೆ ಹಾಕಿಕೊಟ್ಟ. ಹೊಸ ಇನ್‌ವರ್ಟರ್‌ಗೆ ಒಳಗೇ ಸ್ಫಟಿಕ ಇರುವುದರಿಂದ ಅದರ 50 ಗಟ್ಟಿ. ಹಾಗಾಗಿ ಈಗ ಚಾಚಾನ ಮನೆಯಲ್ಲಿ ಲೈಟ್ ಇದ್ದಾಗಿಗಿಂತ ಲೈಟ್ ಹೋದಾಗಲೇ ಆ ಗಡಿಯಾರ ಜಾಸ್ತಿ ಸರಿ ನಡೆಯುತ್ತದೆ. ಫಜರ್‌ಗೆ ಮಾತ್ರ ಅವರು ಮೊಬೈಲಿನಲ್ಲಿ ಅಲಾರಂ ಇಡುತ್ತಾರೆ. ರೇಡಿಯೊದಲ್ಲಿ ಬೆಳಗ್ಗೆ ಆಕಾಶವಾಣಿ ಕೇಳುತ್ತಾರೆ.